ಎಂಬತ್ತೆಂಟನೇ ನಂಬರಿನ ಚೀಟಿ

ಕೊಟ್ಟೂರಿನ ತನ್ನ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಕರಿಸಿದ್ದಪ್ಪ ಬಿಸ್ಕೀಟಿನ ದೊಡ್ಡ ಡಬ್ಬಿಯನ್ನು ಬೋರಲು ಹಾಕಿದ. ಕೌಂಟರಿನ ತುಂಬ ಚೀಟಿಗಳು ಹರಡಿದವು. ಅವುಗಳ ನಡುವೆ ದಾರ ಸುತ್ತಿದ ಹಾಳೆಗಳ ಕಟ್ಟೊಂದು ಧೊಪ್ಪನೆ ಬಿತ್ತು.

"ನೋಡ್ರಿ ಪೊಲೀಸವ್ವ, ನಿಮ್ಮ ಸಾಹೇಬರ ಹತ್ರ ಇರೋ ಪುಸ್ತಕದಾಗ ಇಲ್ಲದ್ದು ಇಲ್ಲೈತಿ. ಜೋಗಪ್ಪನ ‘ಮೇಲುಗಲ್ಲು ಎಲ್ಲಿ?’ ಕಾದಂಬರಿ ನಾನಾ ಅಚ್ಚು ಹಾಕಿಸಿದ್ದು. ಇನ್ನೂರು ಪ್ರತಿ, ಇನ್ನೂರು ಕೊನೀ ಹಾಳಿ. ಒಂದು ಹಾಳೀನೂ ಅಂಗಡಿ ದಾಟಿಲ್ಲ."

ಹೆಡ್ ಕಾನ್‌ಸ್ಟೇಬಲ್ ಮಂಜಮ್ಮ ಗೋಡೆಯ ಗಡಿಯಾರ ನೋಡಿದಳು. ಹತ್ತೂವರೆ. ಪೊಲೀಸ್ ಕಸ್ಟಡಿ ಇವತ್ತಿಗೆ ಮುಗಿಯುತ್ತದೆ, ಮಧ್ಯಾಹ್ನ ಮೂರಕ್ಕೆ ಜೋಗಪ್ಪನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ, ಕೊಂದವನು ಅವನಲ್ಲ ಎನ್ನುವುದಕ್ಕೆ ಏನಾದರೂ ತಂದುಕೊಟ್ಟರೆ ಮಾತ್ರ ಜೈಲಿಗೆ ಕಳಿಸುವ ಕಾಗದ ತಡೆಹಿಡಿಯುತ್ತೇನೆ ಎಂದಿದ್ದ ಎಸ್ಸೈ ಗವಿಸಿದ್ದೇಶ್. ತರದಿದ್ದರೆ ಎಪ್ಪತ್ತೊಂದು ವರ್ಷದ ಆ ಮುದುಕ ಜೈಲಿನಲ್ಲೇ ಕಣ್ಣು ಮುಚ್ಚಬೇಕು.

ಬಾಗಳಿ ಊರಿನ ಹೊರಗೆ, ಹೂಳೆತ್ತಿದ ಪಾಳುಬಾವಿಯಲ್ಲಿ ಸಿಕ್ಕ, ಇಪ್ಪತ್ತೆರಡು ವರ್ಷದ ಹಿಂದೆ ಕಾಣೆಯಾಗಿದ್ದ ಗಾಳೆಪ್ಪನ ಎಲುಬುಗಳ ಸೊಂಟದಲ್ಲಿ ತಾಮ್ರದ ತಂತಿ ಸುತ್ತಿದ ಪೆನ್ನಿತ್ತು, ಕಾಲಿಗೆ ಸರಪಳಿಯಿಂದ ಬಿಗಿದ ಬೀಸುಕಲ್ಲಿನ ಮೇಲುಗಲ್ಲಿತ್ತು. ಎರಡೂ ಇಪ್ಪತ್ತೊಂದು ವರ್ಷದ ಹಿಂದಿನ ಜೋಗಪ್ಪನ ಆ ಕಾದಂಬರಿಯಲ್ಲಿ ಅಕ್ಷರಶಃ ಇದ್ದವು.

"ನೋಡದೆ ಹೆಂಗ ಬರದಿ?" ಎಂದು ಗವಿಸಿದ್ದೇಶ್ ಆರು ದಿನದಿಂದ ಕೇಳುತ್ತಿದ್ದ.

"ನಾ ನೋಡಿಲ್ರಿ. ನೋಡಿದವರು ಹೇಳಿದ್ರು," ಎನ್ನುತ್ತಿದ್ದ ಜೋಗಪ್ಪ.

"ಯಾರು?"

"ಓದುಗರ ಹೆಸರು ಹೇಳಂಗಿಲ್ರಿ."

ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಮಂಜಮ್ಮನಿಗೆ ಈ ಉತ್ತರ ಹೊಸದಾಗಿರಲಿಲ್ಲ. ಅವಳು ಅಕ್ಷರ ಕೂಡಿಸಲು ಕಲಿತದ್ದೇ ಜೋಗಪ್ಪನ ಪುಸ್ತಕಗಳಲ್ಲಿ. ಸರ್ಕಾರಿ ಆಸ್ಪತ್ರೆಯೊಂದರ ಶವಾಗಾರದಲ್ಲಿ ಇಪ್ಪತ್ತೊಂಬತ್ತು ವರ್ಷ ಹೆಣ ಹೊಲಿದ ಮನುಷ್ಯ ಅವನು. ಹಗಲು ಹೊಲಿಯುವುದು, ಸಂಜೆ ಕೈಗೆ ಸೀಗೆಪುಡಿ ಹಚ್ಚಿ ತಿಕ್ಕಿ ತೊಳೆದು ಬರೆಯುವುದು. ‘ಎಂಟನೇ ಹೊಲಿಗೆ’, ‘ಹೆಣ ನಕ್ಕ ಮಧ್ಯಾಹ್ನ’, ‘ಯಾರದೂ ಅಲ್ಲದ ಕಾಲು’ ಹೀಗೆ ಮೂವತ್ತೊಂದು ಕಾದಂಬರಿ. ಕೂಡ್ಲಿಗಿಯಿಂದ ಹಡಗಲಿಯ ತನಕ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ, ಗಾರೆ ಕೆಲಸದ ನೆರಳಲ್ಲಿ, ಹೆರಿಗೆ ವಾರ್ಡಿನ ಮಂಚದ ಪಕ್ಕದಲ್ಲಿ ಅವನ್ನು ಓದದ ಕೈ ಇರಲಿಲ್ಲ. ವಿಮರ್ಶಕರು ಒಂದು ಸಾಲು ಬರೆಯಲಿಲ್ಲ. ಬರೆಯುವುದಿರಲಿ, ಅಂಥ ಪುಸ್ತಕ ಮುಟ್ಟಿದರೆ ಕೈ ತೊಳೆದುಕೊಳ್ಳುವ ಪೈಕಿ ಅವರು. ಜೋಗಪ್ಪನಿಗೂ ಅವರ ಹಂಗಿರಲಿಲ್ಲ.

ಅವನ ಪರೀಕ್ಷೆ ಭಾನುವಾರ ನಡೆಯುತ್ತಿತ್ತು. ಕೇರಿಯ ಬುದ್ಧವಿಹಾರದ ಪಡಸಾಲೆಯಲ್ಲಿ ಓದು ಬಳಗ ಸೇರುತ್ತಿತ್ತು. ಕೊನೆಯ ಪುಟವೊಂದನ್ನು ಬಿಟ್ಟು ಬರೆದಷ್ಟನ್ನು ಅಲ್ಲಿ ಗಟ್ಟಿಯಾಗಿ ಓದಬೇಕು. "ಕುಡಗೋಲು ಹಂಗ ಹಿಡಿಯಂಗಿಲ್ಲೋ ಮಾರಾಯ," ಎಂದು ಮುದುಕಿಯೊಬ್ಬಳು ಅಂದರೆ ಆ ಪುಟ ಅಲ್ಲೇ ಹರಿಯಬೇಕು. ಎಲ್ಲ ಎದ್ದು ಹೋದ ಮೇಲೆ ಯಾರೋ ಒಬ್ಬರು ಹಿಂದೆ ಉಳಿಯುತ್ತಿದ್ದರು. "ಜೋಗಪ್ಪಣ್ಣಾ, ನಂದೂ ಒಂದೈತಿ," ಎನ್ನುತ್ತಿದ್ದರು. ಠಾಣೆ ಕೇಳದ, ಪತ್ರಿಕೆ ಬರೆಯದ, ‘ಹಾವು ಕಚ್ಚಿ ಸತ್ತ’ ಎಂದು ಮುಚ್ಚಿದ ಸಾವುಗಳು ಹಾಗೆ ಒಂದೊಂದಾಗಿ ಅವನ ಕಿವಿಗೆ ಬಿದ್ದವು. ಹೆಸರು ಬದಲಾಯಿಸುತ್ತಿದ್ದ, ಊರು ಬದಲಾಯಿಸುತ್ತಿದ್ದ. ಗಾಯ ಮಾತ್ರ ಬದಲಾಯಿಸುತ್ತಿರಲಿಲ್ಲ.

ಅವನ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕಿಬೀಳುವುದಿಲ್ಲ, ಸಿಕ್ಕಿಬಿದ್ದವನು ಕೊಲೆಗಾರನಾಗಿರುವುದಿಲ್ಲ. ಇಷ್ಟು ಕಪ್ಪು ಯಾಕೆ ಬರೆಯುತ್ತೀ ಎಂದು ಯಾರೋ ಕೇಳಿದ್ದಕ್ಕೆ, "ನಾ ಬಣ್ಣ ಹಚ್ಚಿಲ್ಲ, ಬಂದಂಗ ಇಟ್ಟೀನಿ," ಎಂದಿದ್ದ. ಈಗ ತಾನಿನ್ನೂ ಬರೆಯದ ಮೂವತ್ತೆರಡನೇ ಕಾದಂಬರಿಯೊಳಗೆ ಕೈಕೋಳ ಹಾಕಿಸಿಕೊಂಡು ಕೂತಿದ್ದ.

"ಕೊನೀ ಹಾಳಿ ಕತ್ತರಿಸಾದು ಯಾಕ್ರಿ ಯಜಮಾನ್ರ?" ಮಂಜಮ್ಮ ಕಟ್ಟಿನ ದಾರ ಬಿಚ್ಚುತ್ತ ಕೇಳಿದಳು.

"ಮೊದಲ ಕೊನೀ ಪುಟ ತಿರುವಿ ಹಾಕೋ ಕಳ್ಳರು ಇದ್ರವ್ವ. ಮುಂದಿನವರಿಗೆ ಹೇಳಿಬಿಡಾರು. ಅದಕ ನಾ ಒಂದು ಕಾನೂನು ಮಾಡಿದೆ." ಎಂಬತ್ತರ ಹತ್ತಿರದ ಮುದುಕನ ಕಣ್ಣುಗಳು ಹೊಳೆದವು. "ಐದು ಊರಾಗ ನಾವು ಇಟ್ಟ ಬಾಡಿಗಿ ಪುಸ್ತಕದ ಪೆಟ್ಟಿಗಿಗೆ ಕೊನೀ ಹಾಳಿ ಕತ್ತರಿಸೇ ಪುಸ್ತಕ ಕಳಿಸಾದು. ಓದಿ ಮುಗಿಸಿದವರು ಈ ಕೌಂಟರಿಗೆ ಬರಬೇಕು. ಕೊಂದವರು ಯಾರಂತ ಚೀಟಿ ಬರೀಬೇಕು. ಆಮ್ಯಾಲ ಕೊನೀ ಹಾಳಿ, ಇಲ್ಲೇ ನಿಂತು ಓದಿ ಇಲ್ಲೇ ಕೊಟ್ಟು ಹೋಗಬೇಕು. ಊಹೆ ಸರಿ ಇದ್ರ ಮುಂದಿನ ಪುಸ್ತಕ ಪುಕ್ಕಟೆ."

"ಹರಪನಹಳ್ಳಿಯವರು ಒಂದು ಹಾಳಿಗೆ ಇಲ್ಲಿ ತನಕ ಬರತಿದ್ರಾ?"

"ಅಮಾಸಿಗೆ ಕೊಟ್ಟೂರಿಗೆ ಬರಂಗಿಲ್ಲೇನು ಜನ? ಸ್ವಾಮಿ ದರ್ಶನ, ನಮ್ಮ ಕೊನೀ ಹಾಳಿ, ಮಂಡಕ್ಕಿ ಮೆಣಸಿನಕಾಯಿ. ಮೂರೂ ಮುಗಿಸಿಕೊಂಡು ಸಂಜಿ ಬಸ್ಸು ಹತ್ತಾರು."

ಮಂಜಮ್ಮ ನಕ್ಕಳು. "ನಮ್ಮವ್ವನೂ ಅಮಾಸಿ ತಪ್ಪಸಂಗಿಲ್ಲ. ವಿಹಾರಕ್ಕ ಕರದ್ರ ಮೊಣಕಾಲು ನೋವು ಅಂತಾಳ, ಕೊಟ್ಟೂರು ಬಸ್ಸು ಹತ್ತಾಕ ಮಾತ್ರ ಯಾವ ನೋವೂ ಇಲ್ಲ. ಹೆಬ್ಬೆಟ್ಟಿನ ಮುದುಕಿ, ಪುಸ್ತಕದ ಗೊಡವಿ ಇಲ್ಲ ಬಿಡ್ರಿ."

ಕೊನೆಯ ಹಾಳೆಯ ಮೇಲೆ ಅವಳ ಕಣ್ಣು ನಿಂತಿತು. ನಗು ಆರಿತು.

‘ತಣ್ಣಗಾದ ಬೆರಳಿಗೆ ಮಸಿ ಹಿಡಿಯಲಿಲ್ಲ. ಎಣ್ಣೆ ಸವರಿ, ಒರೆಸಿ, ಮತ್ತೆ ಮಸಿ ಹಚ್ಚಿ ಕಾಗದಕ್ಕೆ ಒತ್ತಲಾಯಿತು. ಬರೆಯಲು ಕಲಿತಿದ್ದ ಮನುಷ್ಯ ಸತ್ತ ಮೇಲೆ ಹೆಬ್ಬೆಟ್ಟಿನವನಾದ.’

ಗಾಳೆಪ್ಪನ ಕಥೆ ಹರಪನಹಳ್ಳಿ ಸೀಮೆಯ ಕೇರಿಗಳಿಗೆಲ್ಲ ಗೊತ್ತಿತ್ತು. ಬಾಗಳಿಯ ಧಣಿಯ ಮನೆಯಲ್ಲಿ ಆಳಾಗಿದ್ದ ಅವನು ಓದು ಬಳಗದಲ್ಲಿ ಬರೆಯಲು ಕಲಿತ. ಪೆನ್ನು ಕಳೆದೀತೆಂದು ಸೊಂಟಕ್ಕೆ ತಂತಿಯಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ, ಮೀಸಲು ಬಂದ ಪಂಚಾಯಿತಿ ಸೀಟಿಗೆ ತಾನೇ ಸಹಿ ಹಾಕಿ ನಾಮಪತ್ರ ಕೊಟ್ಟ. ಮೂರನೆಯ ದಿನ ಅದನ್ನು ವಾಪಸು ಪಡೆಯುವ ಅರ್ಜಿ ಬಂತು, ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತಿನೊಂದಿಗೆ. ಗಾಳೆಪ್ಪ ಗೋವಾಕ್ಕೆ ದುಡಿಯಲು ಹೋದ ಎಂದರು. ಸಹಿ ಹಾಕುವವನು ಹೆಬ್ಬೆಟ್ಟು ಯಾಕೆ ಒತ್ತಿದ ಎಂದು ಯಾವ ಕುರ್ಚಿಯೂ ಕೇಳಲಿಲ್ಲ. ಕೇರಿಯವನ ಹೆಬ್ಬೆಟ್ಟು ಕಂಡರೆ ಕುರ್ಚಿಗಳಿಗೆ ಅನುಮಾನ ಹುಟ್ಟುವುದಿಲ್ಲ. ಅನುಮಾನ ಹುಟ್ಟುವುದು ಅವನ ಸಹಿ ಕಂಡಾಗ.

ಮಂಜಮ್ಮ ಆ ಸಾಲನ್ನು ಮತ್ತೆ ಓದಿದಳು. ಏನೋ ಚುಚ್ಚಿತು. ಹೆಣ ಹೊಲಿದ ಮನುಷ್ಯ ಜೋಗಪ್ಪ. ಯಾವ ಕೈ, ಎಡವೋ ಬಲವೋ, ಎಷ್ಟು ಒತ್ತಿತು ಎಂಬುದನ್ನೆಲ್ಲ ಲೆಕ್ಕವಿಟ್ಟು ಬರೆಯುವವನು. ಇಲ್ಲಿ ಮಾತ್ರ ‘ಒತ್ತಲಾಯಿತು’. ಯಾರ ಕೈ ಎಂದು ಬರೆದೇ ಇಲ್ಲ.

"ಚೀಟಿ ನೋಡೋಣ್ರಿ," ಎಂದಳು.

ಆ ಕಾದಂಬರಿಯ ಚೀಟಿಗಳು ಅರವತ್ತಮೂರು ಇದ್ದವು. ನಂಬರು, ಪುಸ್ತಕ, ಕೊಂದವರು ಎಂದು ಮೂರೇ ಸಾಲು. ಓದುಗರ ಹೆಸರು ಇಲ್ಲ. "ಹೆಸರು ಬರೆಸಿದ್ರ ಹೆಣ್ಮಕ್ಕಳು ಬರತಿದ್ದಿಲ್ಲ, ನಿಮ್ಮ ಕೇರಿಯವರೂ ಬರತಿದ್ದಿಲ್ಲ," ಎಂದ ಕರಿಸಿದ್ದಪ್ಪ. "ಹೆಸರು ಇರಾದು ಅಟ್ಟದ ಮ್ಯಾಲಿನ ಖಾತೆ ಪುಸ್ತಕದಾಗ ಮಾತ್ರ."

ಐವತ್ತಕ್ಕೂ ಹೆಚ್ಚು ಚೀಟಿಗಳಲ್ಲಿ ‘ಧಣಿಯ ತಮ್ಮ’ ಎಂದಿತ್ತು. ಕಾದಂಬರಿಯಲ್ಲಿ ಕೊಂದವನು ಅವನೇ. ಕೆಲವರು ‘ಗುಮಾಸ್ತ’ ಎಂದಿದ್ದರು. ಒಬ್ಬ ರಸಿಕ ‘ಬಾವಿ’ ಎಂದು ಬರೆದಿದ್ದ. ಕೆಳಗೆ ಒಂದು ಚೀಟಿಗೆ ಕರಿಸಿದ್ದಪ್ಪ ಕೆಂಪು ಪೆನ್ಸಿಲ್ಲಿನಿಂದ ದೊಡ್ಡ ಅಡ್ಡಗೀಟು ಹಾಕಿದ್ದ.

ನಂಬರು: 88. ಕೊಂದವರು: ಮೈಲಾರೇಶ.

"ಇದು ಯಾವ ಪಾತ್ರರಿ?"

"ಅದಾ ಅಲ್ಲೇನು ಮತ್ತ! ಆ ಪುಸ್ತಕದಾಗ ಆ ಹೆಸರಿನ ನರಪಿಳ್ಳಿ ಇಲ್ಲ. ಯಾವದೋ ಬ್ಯಾರೆ ಪುಸ್ತಕದ ಗುಂಗಿನಾಗ ಬರದಾರ ಅಂತ ತಪ್ಪು ಹಾಕಿದೆ."

ಮಂಜಮ್ಮ ಆ ಚೀಟಿಯನ್ನು ಕೈಗೆತ್ತಿಕೊಂಡಳು. ಕಾದಂಬರಿಯಲ್ಲಿ ಇಲ್ಲದ ಮೈಲಾರೇಶ ಬಾಗಳಿಯಲ್ಲಿ ಇದ್ದ. ಅದೇ ಧಣಿಯ ಮಗ. ಇಂದು ಹರಪನಹಳ್ಳಿಯ ಮೆಕ್ಕೆಜೋಳದ ಗೋದಾಮುಗಳ ಸಾಹುಕಾರ. ಯಾರೋ ಒಬ್ಬ ಓದುಗ ಈ ಕೌಂಟರಿನ ಮುಂದೆ ನಿಂತು, ಕೊಂದವರು ಯಾರು ಎಂದು ಕೇಳಿದಾಗ, ಸುಳ್ಳು ಹೆಸರು ಬರೆಯಲಾರದೆ ನಿಜದ ಹೆಸರು ಬರೆದಿದ್ದ. ಇಪ್ಪತ್ತೊಂದು ವರ್ಷ ಅದು ತಪ್ಪು ಉತ್ತರವಾಗಿ ಬಿಸ್ಕೀಟಿನ ಡಬ್ಬಿಯಲ್ಲಿ ಬಿದ್ದಿತ್ತು.

"ಖಾತೆ ಪುಸ್ತಕ ಇಳಸ್ರಿ. ಎಂಬತ್ತೆಂಟು ಯಾರು ನೋಡಬೇಕು."

ಕರಿಸಿದ್ದಪ್ಪ ಏಣಿ ಹತ್ತಿ ಅಟ್ಟದ ಕತ್ತಲಲ್ಲಿ ಮಾಯವಾದ. ಅಷ್ಟರಲ್ಲಿ ಬಾಗಿಲ ಬೆಳಕಿಗೆ ಅಡ್ಡವಾಗಿ ಯಾರೋ ನಿಂತರು. ಇಸ್ತ್ರಿ ಗೆರೆ ಮುರಿಯದ ಬಿಳಿ ಅಂಗಿ, ಬೆರಳಿಗೆ ಎರಡು ಉಂಗುರ.

ಮಂಜಮ್ಮ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿ, ಹಾಳೆಗಳ ಕಟ್ಟನ್ನು ಕೌಂಟರಿನ ಕೆಳಗೆ ಸರಿಸಿದಳು. ಬಂದವನು ಮೈಲಾರೇಶ.

"ಓಹೋ ಮಂಜಮ್ಮ! ಖಾಕಿ ಬಿಟ್ಟು ಸೀರಿ ಉಟ್ಟೀರಿ, ಗುರುತಾ ಸಿಗಲಿಲ್ಲ."

"ಬಟ್ಟಿ ಬದಲಾದ್ರ ಗುರುತು ಸಿಗದಷ್ಟು ದೂರದವರಲ್ಲ ಬಿಡ್ರಿ ನಾವು. ಬಾಗಳಿಯವರಾ."

"ಕರಿಸಿದ್ದಪ್ಪ ಎಲ್ಲಿ? ಇಡೀ ಅಂಗಡಿ ನಾನಾ ತಗೊಂತೀನಿ ಅಂತ ಹೇಳಿ ಕಳಿಸಿದ್ದೆ. ನಮ್ಮೂರ ಸಾಲಿಗೆ ಕೊಡಾಕ."

"ಒಂದು ಪುಸ್ತಕ ಮೊದಲಾ ಎತ್ತಿಸೀರಂತಲ್ರಿ. ಐದೂ ಊರಿನ ಪೆಟ್ಟಿಗಿಯೊಳಗಿಂದ."

"ಹೊಲಸು ಪುಸ್ತಕ ಅದು. ಹುಡುಗರ ಕೈಗೆ ಸಿಗಬಾರದು ಅಂತ ಸುಡಿಸಿದೆ."

"ಓದಿ ಸುಟ್ರೋ, ಓದದಾ ಸುಟ್ರೋ?"

ಅವನು ಕುರ್ಚಿ ಎಳೆದು ಕೂತ. ಪೊಲೀಸಿನವಳು ಎದುರಿಗಿರುವಾಗ ಎರಡು ಮಾತು ಸೇರಿಸಿದರೆ ಜೋಗಪ್ಪನ ಕೊರಳಿನ ಹಗ್ಗ ಇನ್ನಷ್ಟು ಬಿಗಿಯುತ್ತದೆ ಎಂಬ ಹುರುಪು ಅವನ ಮುಖದ ಮೇಲಿತ್ತು.

"ಓದಿದೆ. ಮೊನ್ನೆ ಬಾವಿ ಸುದ್ದಿ ಬಂದ ಮ್ಯಾಲ ಇದಾ ಮೊದಲ ಸಲ. ಈ ಅಂಗಡಿ ಮೆಟ್ಟಲಾ ಹತ್ತಿದ್ದೂ ಇವತ್ತಾ. ಏನ್ ಹೇಳಲಿ, ಮೈ ಜುಂ ಅಂತೈತಿ. ಕಲ್ಲು ಕಟ್ಟಿದ್ದು ಬಿಡ್ರಿ, ಯಾರಾದ್ರೂ ಬರೀತಾರ. ಸತ್ತ ಮನಷ್ಯಾನ ಹೆಬ್ಬೆಟ್ಟಿಗೆ ಎಣ್ಣಿ ಸವರಿ ಸವರಿ ಮಸಿ ಹಚ್ಚಿ ಕಾಗದಕ್ಕ ಒತ್ತಾದು! ಮಾಡದಾ ಇದ್ದಾವನ ತಲಿಗೆ ಇಂಥಾದ್ದು ಬರತೈತೇನ್ರಿ?"

ಕೌಂಟರಿನ ಕೆಳಗೆ, ಮಂಜಮ್ಮನ ಮೊಣಕಾಲಿಗೆ ತಾಗಿಕೊಂಡು, ಆ ಇನ್ನೂರು ಕೊನೆಯ ಹಾಳೆಗಳು ಕೂತಿದ್ದವು. ಎಣ್ಣೆ, ಮಸಿ, ಹೆಬ್ಬೆಟ್ಟು ಬರುವುದು ಅವುಗಳಲ್ಲಿ ಮಾತ್ರ. ಅವನು ಓದಿ ಸುಟ್ಟ ಯಾವ ಪ್ರತಿಯಲ್ಲೂ ಆ ಮಾತು ಇರಲಿಲ್ಲ.

ಅವನಿಗೆ ಅದು ಗೊತ್ತಿರಲಿಲ್ಲ. ಬಾಡಿಗೆ ಪುಸ್ತಕದ ಪೆಟ್ಟಿಗೆಯ ಮುಂದೆ ಎಂದೂ ನಿಲ್ಲದವನಿಗೆ, ಕೊನೆಯ ಪುಟಕ್ಕಾಗಿ ಅಮಾವಾಸ್ಯೆಯ ತನಕ ಕಾಯದವನಿಗೆ ಗೊತ್ತಾಗುವುದಾದರೂ ಹೇಗೆ? ಪುಟದಲ್ಲಿ ಓದಿದ್ದು ಯಾವುದು, ಕಣ್ಣಾರೆ ಕಂಡದ್ದು ಯಾವುದು ಎಂಬುದು ತಲೆಯಲ್ಲಿ ಕಲಸಿಹೋಗಿ, ಉಳಿದದ್ದೆಲ್ಲ ಬರೆದ ಜೋಗಪ್ಪ ಇದನ್ನೂ ಎಲ್ಲೋ ಬರೆದಿರಬೇಕು ಎಂದು ಅವನು ಅಂದುಕೊಂಡುಬಿಟ್ಟಿದ್ದ.

"ಹೌದಲ್ರಿ," ಎಂದಳು ಮಂಜಮ್ಮ. "ಈ ಮಾತು ಕೇಸಿಗೆ ಬೇಕು. ನಿಮ್ಮಂಥ ದೊಡ್ಡವರು ಬರದುಕೊಟ್ರ ಇನ್ನೂ ಗಟ್ಟಿ. ಪುಸ್ತಕ ಓದಿದ್ದು ಯಾವಾಗ, ಯಾವ ಮಾತು ಮನಸಿಗೆ ಹತ್ತಿತು, ಅಷ್ಟಾ ಬರೀರಿ."

ಅವನು ಸಂತೋಷದಿಂದ ಬರೆದ. ಎಣ್ಣೆಯನ್ನೂ ಬಿಡಲಿಲ್ಲ. ಕೆಳಗೆ ಬಳ್ಳಿಯಂತೆ ಸುತ್ತಿದ ಸಹಿ ಹಾಕಿ ದಿನಾಂಕ ಬರೆದ. ಮಂಜಮ್ಮ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಅಲ್ಲಿಗೆ ಅವನು ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಆದರೆ ಧೂಳು ಮೆತ್ತಿದ ಖಾತೆ ಪುಸ್ತಕ ಬಗಲಲ್ಲಿಟ್ಟುಕೊಂಡು ಕರಿಸಿದ್ದಪ್ಪ ಏಣಿ ಇಳಿಯುತ್ತಿದ್ದ. ಕೊನೆಯ ಮಾತಷ್ಟೇ ಅವನ ಕಿವಿಗೆ ಬಿದ್ದಿತ್ತು. ನಲವತ್ತು ವರ್ಷದ ಚಟ ಸುಮ್ಮನಿರಗೊಡಲಿಲ್ಲ.

"ಅಯ್ಯ, ಸಾಹುಕಾರ್ರು ಪುಸ್ತಕ ಓದ್ಯಾರಾ? ಹಂಗಾದ್ರ ಕೊನೀ ಹಾಳಿ ಓದದಾ ಹೋಗಬಾರದು! ಅದು ಇಲ್ಲೈತ್ರಿ, ಪುಸ್ತಕದಾಗ ಇರಂಗಿಲ್ಲ. ಎಲ್ಲಾ ಪ್ರತಿಯಾಗಿಂದೂ ಕತ್ತರಿಸೇ ಕಳಿಸಾದು."

"ಯಜಮಾನ್ರ, ಬ್ಯಾಡ್ರಿ!" ಎಂದಳು ಮಂಜಮ್ಮ.

ಅಷ್ಟರಲ್ಲಿ ಮುದುಕ ಒಂದು ಹಾಳೆ ಎಳೆದು ಸಾಹುಕಾರನ ಕೈಗೆ ಇಟ್ಟಾಗಿತ್ತು.

ಮೈಲಾರೇಶ ಓದಿದ. ಎರಡು ಸಲ ಓದಿದ. ಆಮೇಲೆ ಕೈ ಚಾಚಿದ.

"ಆ ಕಾಗದ ಕೊಡ್ರಿ ಮಂಜಮ್ಮ. ಒಂದು ಮಾತು ತಪ್ಪು ಬರದೀನಿ."

"ಒಂದಾ ಒಂದು ಮಾತು ಸರಿ ಬರದೀರಿ. ಅದಾ ಇರಲಿ."

"ಠಾಣೆಯಾಗ ಯಾರೋ ಅಂದಿದ್ದು ಕೇಳಿದ್ದೆ."

"ಠಾಣೆಯವರಿಗೆ ಇವತ್ತಿನ ತನಕ ಈ ಹಾಳಿ ಸಿಕ್ಕಾ ಇಲ್ಲ. ನಾನೂ ಈಗ ಓದಿದ್ದು."

ಅವನು ಕುರ್ಚಿಯನ್ನು ನಿಧಾನ ಹಿಂದಕ್ಕೆ ಸರಿಸಿದ. ಕೋಪ ಬರುತ್ತದೆಂದು ಮಂಜಮ್ಮ ಕಾಯ್ದಳು. ಅವನು ಬಾಗಿಲ ತನಕ ಹೋಗಿ ತಿರುಗಿ ನಿಂತು ನಕ್ಕ. ಆ ನಗೆಯಲ್ಲಿ ಹೆದರಿಕೆ ಇರಲಿಲ್ಲ. ಹಳೆಯ ಲೆಕ್ಕವೊಂದು ಈಗ ತಾಳೆಯಾದಂತಿತ್ತು.

"ಆ ದಿನ ದನದ ಮನಿಯಾಗ ಏನಾತು ಅಂತ ಜೋಗಪ್ಪಗ ಹೇಳಿದವರು ಯಾರು ಅಂತ ಆರು ದಿನದಿಂದ ನಾನೂ ತಲಿ ಕೆಡಿಸಿಕೊಂಡಿದ್ದೆ. ಎಣ್ಣಿ ಸವರಿ ಒತ್ತಿದ್ದು ಯಾರ ಕೈ ಅಂತ ಬರೀದಾ ಬಿಟ್ಟಾನಲ್ಲ, ಅದನ್ನ ಓದಿ ಈಗ ತಿಳೀತು." ಚಪ್ಪಲಿ ಮೆಟ್ಟಿದ. "ನಿಮ್ಮವ್ವ ಪಕ್ಕೀರಮ್ಮ ಆರಾಮದಾಳೇನು? ತೆಲಿಗಿಯಾಗಾ ಅದಾಳಲ್ಲ? ಕೇಳಿದೆ ಅಂತ ಹೇಳ್ರಿ."

ಕಾರು ಹೋಯಿತು.

ಮಂಜಮ್ಮ ಖಾತೆ ಪುಸ್ತಕ ಕಸಿದುಕೊಂಡಳು. ಎಂಬತ್ತಾರು, ಎಂಬತ್ತೇಳು.

ಎಂಬತ್ತೆಂಟು. ಪಕ್ಕೀರಮ್ಮ, ಬಾಗಳಿ. ಅದನ್ನು ಹೊಡೆದುಹಾಕಿ, ತೆಲಿಗಿ. ಎದುರಿಗೆ ಗುಂಡಗಿನ, ಗಟ್ಟಿಯಾಗಿ ಒತ್ತಿ ಬರೆದ ಸಹಿ.

"ಈಕೀನಾ? ಈಕೀ ನಮ್ಮ ಹಳೇ ಗಿರಾಕಿ," ಎಂದ ಕರಿಸಿದ್ದಪ್ಪ, ಏನೂ ತಿಳಿಯದೆ. "ಬುತ್ತಿ ಗಂಟಿನಾಗ ಕನ್ನಡಕ ಕಟಗೊಂಡು ಬರತಾಳ. ಜೋಗಪ್ಪನ ಒಂದು ಪುಸ್ತಕ ಬಿಟ್ಟಿಲ್ಲ. ಹೋದ ಅಮಾಸಿಗೂ ಬಂದಿದ್ಲು."

ಪಿಂಚಣಿಗೆ ಹೆಬ್ಬೆಟ್ಟು, ರೇಷನ್ನಿಗೆ ಹೆಬ್ಬೆಟ್ಟು, ಮಗಳು ಪೊಲೀಸ್ ಸೇರುವಾಗ ಕೊಟ್ಟ ಕಾಗದಕ್ಕೂ ಹೆಬ್ಬೆಟ್ಟು. "ಎರಡಕ್ಷರ ಕಲಿ ಬೇ," ಎಂದು ಮಗಳು ಅಂಗಲಾಚಿದರೆ, "ನನಗ ತಲಿಗೆ ಹತ್ತಂಗಿಲ್ಲ ಮಂಜಿ," ಎನ್ನುತ್ತಿದ್ದಳು ಅವ್ವ. ಬಾಗಳಿಯ ಧಣಿಯ ದನದ ಮನೆಯಲ್ಲಿ ಎತ್ತುಗಳಿಗೆ ಹುರುಳಿ ಒಡೆಯುತ್ತಿದ್ದವಳು ಅವಳೇ. ಅದೇ ಬೀಸುಕಲ್ಲಿನಲ್ಲಿ. ಮಂಜಮ್ಮನಿಗೆ ಹದಿನಾರು ತುಂಬಿದ ವರ್ಷ, ಯಾಕೆಂದು ಹೇಳದೆ, ಒಂದೇ ದಿನದಲ್ಲಿ ಗಂಟುಮೂಟೆ ಕಟ್ಟಿ ತೆಲಿಗಿಗೆ ಬಂದಿದ್ದರು. ಅಕ್ಷರ ಬಲ್ಲ ಗಾಳೆಪ್ಪನ ಗತಿ ಕಂಡವಳು, ಮನೆಯಲ್ಲೂ ಹೇಳದೆ ಕಲಿತ ತನ್ನ ಅಕ್ಷರವನ್ನು ಅಂದಿನಿಂದ ಬುತ್ತಿಯ ಗಂಟಿನಲ್ಲಿ ಅಡಗಿಸಿಟ್ಟಿದ್ದಳು.

ಜೋಗಪ್ಪ ಯಾರ ಹೆಸರನ್ನು ನುಂಗಿಕೊಂಡು ಕೂತಿದ್ದಾನೆಂದು ಈಗ ತಿಳಿಯಿತು. ಆರು ದಿನ ಲಾಕಪ್ಪಿನ ಕಂಬಿಯಾಚೆಯಿಂದ ಅವನು ಮಂಜಮ್ಮನ ಮುಖ ನೋಡುತ್ತಿದ್ದ ರೀತಿಯೂ ತಿಳಿಯಿತು.

ಅವಳು ಅವ್ವನಿಗೆ ಫೋನ್ ಹಚ್ಚಿದಳು. ಎತ್ತಿದವಳು ಪಕ್ಕದ ಮನೆಯ ನಾಗರತ್ನ.

"ಮಂಜಕ್ಕಾ, ನಾನಾ ಮಾಡಬೇಕಂತಿದ್ದೆ. ನಿಮ್ಮವ್ವ ಫೋನ್ ಇಲ್ಲೇ ಬಿಟ್ಟು ಹೋಗ್ಯಾಳ. ಜೋಗಪ್ಪಜ್ಜನ್ನ ಇವತ್ತು ಕೋರ್ಟಿಗೆ ಒಯ್ತಾರಂತ ಯಾರೋ ಅಂದ್ರು ನೋಡು, ಒಲಿ ಮ್ಯಾಲಿನ ಸಾರು ಇಳಿಸಿದಾಕಿನಾ ಹರಪನಹಳ್ಳಿ ಬಸ್ಸು ಹತ್ತಿದ್ಲು. ಠಾಣೆಗೆ ಅಂದ್ಲು."

"ಯಾಕಂತ ಹೇಳಿದ್ಲಾ?"

"ಹೇಳಲಿಲ್ಲ. ನಿನಗ ಓದಿ ಹೇಳು ಅಂತ ಕ್ಯಾಲೆಂಡರ್ ಹಾಳಿ ಹಿಂದ ಬರದಿಟ್ಟಾಳ. ಅಲ್ಲ ಮಂಜಕ್ಕ, ನಿಮ್ಮವ್ವಗ ಬರಿಯಾಕ ಬರತಿತ್ತೇನಾ? ನನ್ನ ಕೈಲಿ ಎಷ್ಟು ಅರ್ಜಿ ಬರೆಸ್ಯಾಳ ಮುದುಕಿ!"

"ಓದು."

ನಾಗರತ್ನ ಸಾಲೆಯ ಹುಡುಗಿಯಂತೆ ಒಂದೊಂದೇ ಮಾತು ಬಿಡಿಸಿ ಓದಿದಳು.

"‘ಮಂಜಿ, ಕೊಂದಾವ ಮೈಲಾರೇಶ. ಆದರೆ ಗಾಳೆಪ್ಪನ ಬೆರಳಿಗೆ ಎಣ್ಣಿ ಸವರಿ ಒತ್ತಿದ್ದು ನನ್ನ ಕೈ. ನಿನ್ನ ಹೆಸರು ಹೇಳಿ ಹೆದರಿಸಿದ, ಒತ್ತಿದೆ. ಜೋಗಪ್ಪಣ್ಣ ಅದನ್ನೊಂದು ಬರೀಲಿಲ್ಲ. ಇವತ್ತು ನಾನಾ ಹೇಳತೀನಿ.’ ಕೆಳಗ ಸಹಿ ಮಾಡ್ಯಾಳ ಮಂಜಕ್ಕ. ಹೆಬ್ಬೆಟ್ಟಲ್ಲ, ಸಹಿ!"

ಫೋನ್ ಕೆಳಗಿಳಿಯಿತು. ಹೊರಗೆ ಹರಪನಹಳ್ಳಿಯ ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗುತ್ತಿದ್ದ. ಅದೇ ರಸ್ತೆಯಲ್ಲಿ ಸಾಹುಕಾರನ ಕಾರು ಹತ್ತು ನಿಮಿಷ ಮುಂದಿತ್ತು.

ಠಾಣೆಯ ಬಾಗಿಲ ಪೇದೆಗೆ ಒಂದು ಮಾತು ಹೇಳಿದರೆ ಸಾಕು. ‘ನಮ್ಮವ್ವ ಬಂದ್ರ ಒಳಗ ಬಿಡಬ್ಯಾಡ, ವಯಸ್ಸಾಗಿ ತಲಿ ಕೆಟ್ಟೈತಿ.’ ಅವ್ವ ಉಳಿಯುತ್ತಾಳೆ, ಜೋಗಪ್ಪ ಮೂರು ಗಂಟೆಗೆ ಜೈಲಿಗೆ ಹೋಗುತ್ತಾನೆ. ಸಾಹುಕಾರನ ಸಹಿಯ ಕಾಗದವೊಂದನ್ನೇ ಇಟ್ಟರೆ, ಯಾರೋ ಅಂದದ್ದು ಕೇಳಿ ಬರೆದೆ ಎಂದು ಅವನು ಜಾರಿಕೊಳ್ಳುತ್ತಾನೆ. ಅವ್ವ ಬಾಯಿ ಬಿಟ್ಟು ಈ ಚೀಟಿ ಜೊತೆಗಿಲ್ಲದಿದ್ದರೆ, ಮುದುಕ ಮುದುಕಿ ಕೂಡಿಯೇ ಕೊಂದರು ಎಂದು ಕೇಸು ಕಟ್ಟಲು ಮೈಲಾರೇಶನ ವಕೀಲನಿಗೆ ಅರ್ಧ ಗಂಟೆ ಬೇಕಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆಯೇ ನಿಜವಾದ ಹೆಸರು ಬರೆದಿಟ್ಟ ಚೀಟಿ ಇದೊಂದೇ. ಇದು ಮೈಲಾರೇಶನ ಪಾಪವನ್ನು ಬಾವಿಯಿಂದ ಮೇಲೆಳೆಯುತ್ತದೆ. ಅದೇ ಹಗ್ಗದಲ್ಲಿ ಅವ್ವನನ್ನೂ ಕಟಕಟೆಗೆ ಎಳೆಯುತ್ತದೆ.

ಕರಿಸಿದ್ದಪ್ಪ ಠಾಣೆಗೆ ಒಯ್ಯುವ ವಸ್ತುಗಳ ಪಂಚನಾಮೆಯ ಹಾಳೆಯನ್ನು ಮುಂದಿಟ್ಟುಕೊಂಡು, ಕನ್ನಡಕ ಏರಿಸಿ, ಬರೆಯಲು ಕೂತಿದ್ದ.

"ಡಬ್ಬಿ ಒಂದು. ಕೊನೀ ಹಾಳಿ ಇನ್ನೂರು. ಖಾತೆ ಪುಸ್ತಕ ಒಂದು," ಎಂದು ಓದಿಕೊಂಡ. "ಚೀಟಿ ಎಷ್ಟಂತ ಬರೀಲವ್ವ?"

ಮಂಜಮ್ಮ ಅಂಗೈ ಬಿಚ್ಚಿದಳು. ಬೆವರಿಗೆ ಚೀಟಿ ಒದ್ದೆಯಾಗಿತ್ತು. ಅಕ್ಷರ ಮಾತ್ರ ಅಳಿಸಿರಲಿಲ್ಲ.

"ಪೆನ್ನು ಕೊಡ್ರಿ ಇಲ್ಲಿ. ನಾ ಬರೀತೀನಿ."

ಆರು ಎಂಬ ಅಂಕಿ ಬರೆದಳು. ಅದರ ಪಕ್ಕದಲ್ಲಿ ಎರಡೋ ಮೂರೋ ಬರಬೇಕಿತ್ತು: ಅಂಗೈಯ ಚೀಟಿ ಬಿಟ್ಟರೆ ಎರಡು, ಸೇರಿಸಿದರೆ ಮೂರು. ಪೆನ್ನಿನ ತುದಿ ಕಾಗದಕ್ಕೆ ತಾಗಿ ಅಲ್ಲೇ ನಿಂತಿತು; ನಿಂತಲ್ಲೇ ಮಸಿ ಹರಡತೊಡಗಿತು, ಹೆಬ್ಬೆಟ್ಟಿನ ಗುರುತಿನಷ್ಟು ಅಗಲಕ್ಕೆ.